ತೊಳೆದಿಟ್ಟ ಕಾರ್ಖಾನೆ

ಯಾರಾದರೂ "ಆರಾಮ ಅದೀನಿ" ಎಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಅದು ಬರೀ ಬಾಯಿಮಾತು ಎಂದು ಗೊತ್ತು. ನಮ್ಮ ಕಡೆಯವರು ದಾರಿಯಲ್ಲಿ ಎದುರಾದರೆ ಮೊದಲು ಕೇಳುವುದೇ "ಆರಾಮ?" ಎಂದು, ಉತ್ತರವೂ ಅದೇ. ಜ್ವರದಲ್ಲಿ ಮೈ ಕಾದಿದ್ದರೂ ಅದೇ, ಮನೆಯಲ್ಲಿ ಒಲೆ ಹೊತ್ತಿರದಿದ್ದರೂ ಅದೇ. ಕೇಳಿದವರಿಗೂ ಬೇರೆ ಉತ್ತರ ಬೇಕಾಗಿರುವುದಿಲ್ಲ. ಆದರೆ ಒಂದು ಸಲ, ನಿಜವಾದ ಉತ್ತರ ಬೇಕು ಎಂದು ಒಬ್ಬರು ಸಮುದ್ರ ದಾಟಿ ಬಂದು ಕೇಳಿದರು. ಆಗಲೂ ನನ್ನ ಮಾಮಾ ಅದೇ ಮಾತು ಅಂದ. ಅವತ್ತಿನಿಂದ ನನಗೆ ಆ ಮಾತು ಸೇರುವುದಿಲ್ಲ.

ಮಾಮಾ ಅಂದರೆ ನನ್ನ ಅವ್ವನ ತಮ್ಮ. ನಮ್ಮದು ಯಾದಗಿರಿ ಕಡೆಯ ಮನೆತನ. ಅಪ್ಪ ಗೌಂಡಿ ಕೆಲಸಕ್ಕೆ ಪುಣೆಗೆ ಬಂದವನು, ಅವನ ಬೆನ್ನು ಹಿಡಿದು ಮಾಮಾ ಬಂದ. ಬಿಬವೇವಾಡಿಯ ಗುಡ್ಡದ ಮಗ್ಗುಲಲ್ಲಿ ಒಂದೇ ಗೋಡೆ ಹಂಚಿಕೊಂಡ ಎರಡು ಮನೆ ನಮ್ಮವು. ನಾನು ಶಾಲೆಯಲ್ಲಿರುವಾಗಲೇ ಅಪ್ಪ ತೀರಿಕೊಂಡ. ಆಮೇಲೆ ನಮ್ಮನ್ನು ಸಾಕಿದವನು ಮಾಮಾ. ಓಣಿಯ ಹೆಣ್ಣುಮಕ್ಕಳನ್ನೆಲ್ಲ ಹತ್ತನೆಯ ಇಯತ್ತೆಗೇ ಬಿಡಿಸಿ ಮದುವೆ ಮಾಡುತ್ತಿದ್ದ ಕಾಲದಲ್ಲಿ, "ನಮ್ಮ ಹುಡಿಗಿ ಇಂಗ್ಲಿಷ್ ಕಲೀಲಿ, ಕುರ್ಚಿ ಮ್ಯಾಲ ಕುಂತು ಕೆಲಸ ಮಾಡ್ಲಿ" ಎಂದು ಹಟ ಹಿಡಿದು ನನ್ನನ್ನು ಕಾಲೇಜಿಗೆ ಕಳಿಸಿದವನೂ ಅವನೇ. ಅವ್ವನಿಗೇ ಅಷ್ಟು ಧೈರ್ಯ ಇರಲಿಲ್ಲ.

ಅವನು ಕೆಲಸ ಮಾಡುತ್ತಿದ್ದದ್ದು ಸಾಸವಡ ರಸ್ತೆಯ ಒಂದು ಎರಕದ ಕಾರ್ಖಾನೆಯಲ್ಲಿ. ಮರಳಿನ ಅಚ್ಚಿಗೆ ಕರಗಿದ ಕಬ್ಬಿಣ ಸುರಿದು ನೀರೆತ್ತುವ ಪಂಪಿನ ಭಾಗಗಳನ್ನು ಮಾಡುತ್ತಿದ್ದರು. ಅಚ್ಚು ಒಡೆದು ತೆಗೆದ ತುಂಡಿಗೆ ಸುಟ್ಟ ಮರಳು ಅಂಟಿಕೊಂಡಿರುತ್ತದೆ. ಗರಗರ ತಿರುಗುವ ಕಲ್ಲಿಗೆ ಹಿಡಿದು ಅದನ್ನು ಉಜ್ಜಿ ತೆಗೆಯಬೇಕು. ಈ ಕೆಲಸಕ್ಕೆ ಫೆಟ್ಲಿಂಗ್ ಎನ್ನುತ್ತಾರೆ. ಕಾರ್ಖಾನೆಯ ಬೇರೆ ಎಲ್ಲ ಕೆಲಸಕ್ಕೂ ಅಲ್ಲಿನ ಜನ ಸಿಗುತ್ತಿದ್ದರು, ಇದಕ್ಕೆ ಮಾತ್ರ ನಮ್ಮ ಕಡೆಯವರೇ ಆಗಬೇಕು. ಉಜ್ಜುವಾಗ ಏಳುವ ಧೂಳು ಮುಖಕ್ಕೆ ಹಚ್ಚುವ ಪೌಡರಿಗಿಂತ ನಯ. ಮಾಮಾ ಸಂಜೆ ಮನೆಗೆ ಬಂದರೆ ಹುಬ್ಬು, ರೆಪ್ಪೆ ಎಲ್ಲ ಬೂದಿ ಬಣ್ಣ. ಅವನು ಮೂಗಿಗೆ ಕಟ್ಟಿಕೊಂಡ ಟವೆಲನ್ನು ಮಾಮಿ ಹೊರಗೇ ಝಾಡಿಸಿ ಒಳಗೆ ತರುತ್ತಿದ್ದಳು.

ಕೆಮ್ಮು ಮೊದಮೊದಲು ಚಳಿಗಾಲಕ್ಕೆ ಬಂದು ಹೋಗುತ್ತಿತ್ತು. ಆಮೇಲೆ ವರ್ಷವಿಡೀ ಉಳಿಯಿತು. ದವಾಖಾನೆಯಲ್ಲಿ ಟಿಬಿ ಎಂದು ಗುಳಿಗೆ ಕೊಟ್ಟರು. ತಪ್ಪದೆ ನುಂಗಿ ಮುಗಿಸಿದ, ಕೆಮ್ಮು ಹೋಗಲಿಲ್ಲ. ಮತ್ತೆ ಟಿಬಿ ಎಂದರು, ಮತ್ತೆ ನುಂಗಿದ. ನೀನು ಯಾವ ಕೆಲಸ ಮಾಡುತ್ತೀ ಎಂದು ಒಬ್ಬರಾದರೂ ಕೇಳಬೇಡವೇ? ಕೇಳಿದ್ದರೆ ತಿಳಿಯುತ್ತಿತ್ತು, ಅವನ ಎದೆಯಲ್ಲಿ ಇದ್ದದ್ದು ಮರಳು ಎಂದು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನನಗೆ ಕುರ್ಚಿಯ ಕೆಲಸ ಸಿಕ್ಕಿತು. ಸ್ವಾರಗೇಟಿನ ಹತ್ತಿರ ಒಂದು ಉಡುಪಿ ಹೋಟೆಲು, ಅದರ ಮೇಲಿನ ಮಾಳಿಗೆಯಲ್ಲಿ ನಮ್ಮ ಕಚೇರಿ. ಹೋಟೆಲು ನಮ್ಮ ಸಾಹೇಬರ ಅಪ್ಪನದು. ಸಾಹೇಬರು ಕರಾವಳಿಯ ಮನೆತನದವರು, ಪುಣೆಯಲ್ಲೇ ಹುಟ್ಟಿ ಬೆಳೆದವರು. ಗಲ್ಲಾ ಮುಂದೆ ಕೂರಲಾರೆ ಎಂದು ಯುರೋಪಿಗೆ ಓದಲು ಹೋಗಿ, ಬಂದ ಮೇಲೆ ಹೊಸ ಧಂದೆ ಶುರು ಮಾಡಿದ್ದರು. ಯುರೋಪಿನ ದೇಶಗಳು ಸೇರಿ ನಡೆಸುವ ನಿಧಿಗಳಿಂದ ಇಲ್ಲಿನ ಖಾಸಗಿ ಕಂಪನಿಗಳಿಗೆ ಅನುದಾನ ಕೊಡಿಸುವುದು ಅವರ ಕೆಲಸ. ಆ ದುಡ್ಡು ನಮ್ಮ ಸರ್ಕಾರದ ಕೈ ದಾಟಿ ಬರುವುದಲ್ಲ, ನೇರ ಕಂಪನಿಯ ಹೆಸರಿಗೇ ಬರುವುದು. ಸಾಲವೂ ಅಲ್ಲ, ತಿರುಗಿ ಕೊಡಬೇಕಿಲ್ಲ. ಯುರೋಪಿನ ಒಂದು ಕಂಪನಿಯನ್ನು ಜೊತೆಗೆ ಹಿಡಿಯಬೇಕು, ಖರ್ಚಿನ ಒಂದು ಪಾಲನ್ನು ತಾನು ಹಾಕಬೇಕು, ಅಷ್ಟೇ ಷರತ್ತು. ಹೊಗೆ, ಧೂಳು, ಕೊಳೆ ನೀರು ಕಡಿಮೆ ಮಾಡಿಕೊಳ್ಳಲು ಮುಂದೆ ಬರುವ ಸಣ್ಣ ಕಾರ್ಖಾನೆಗಳಿಗೆಂದೇ ಒಂದು ನಿಧಿ ಇತ್ತು. ಅದಕ್ಕೆ ಅರ್ಜಿ ಬರೆಯುವವಳು ನಾನು.

ಬರೆಯುವುದೇನು, ಬರೆದೇನು. ಕಂಪನಿಯವರ ಬಾಯಿಂದ ಅವರ ಕಷ್ಟ ಹೊರಡಿಸುವುದಿದೆಯಲ್ಲ, ಅದರಲ್ಲಿ ನನ್ನ ಅರ್ಧ ಆಯುಷ್ಯ ಹೋಯಿತು. "ನಿಮ್ಮಲ್ಲಿ ಏನು ತೊಂದರೆ ಇದೆ?" ಎಂದು ಕೇಳಿದರೆ ಸಾಕು, ಮಾಲೀಕರ ಮುಖ ಕೆಂಪಾಗುತ್ತಿತ್ತು. ತೊಂದರೆಯೇ? ನಮ್ಮಲ್ಲಿಯೇ? ಯಾರು ಹೇಳಿದರು? ಪುಣೆ ಜಿಲ್ಲೆಯ ಶಿರೂರಿನ ಕಡೆ ಬಣ್ಣದ ಕಾರ್ಖಾನೆ ಇಟ್ಟುಕೊಂಡಿದ್ದ ಒಬ್ಬ ಮಹಾಶಯ, ನಾನು ಕೊಳೆ ನೀರಿನ ಮಾತೆತ್ತಿದ ಕೂಡಲೇ ಕಾರ್ಖಾನೆಯ ಬಾವಿಯಿಂದ ನೀರು ತರಿಸಿ, ನನ್ನೆದುರಿಗೇ ಒಂದು ತಂಬಿಗೆ ಗಟಗಟ ಕುಡಿದು ಮೀಸೆ ಒರೆಸಿಕೊಂಡ. "ಈಗ ಹೇಳಿ" ಅಂದ. ಏನು ಹೇಳುವುದು, ನನ್ನ ತಲೆ! ಅವನಿಗೆ ಅನುದಾನ ಬೇಕೇ ಬೇಕಿತ್ತು, ಅದಕ್ಕೆ ಕಾರಣ ಮಾತ್ರ ಇರಬಾರದಿತ್ತು.

ಅವರ ತಪ್ಪೂ ಅಲ್ಲ ಅನ್ನಿ. ಜನ್ಮವಿಡೀ ಬ್ಯಾಂಕಿನವರ ಮುಂದೆ ನಿಂತ ಅಭ್ಯಾಸ. ಸಾಲ ಬೇಕಾದರೆ ಎಲ್ಲವೂ ಸರಿಯಿದೆ ಎಂದು ತೋರಿಸಬೇಕು, ಅನುದಾನ ಬೇಕಾದರೆ ಏನು ಸರಿಯಿಲ್ಲ ಎಂದು ತೋರಿಸಬೇಕು. ಸಾಹೇಬರು ಇದನ್ನೇ ತಮ್ಮ ಹೋಟೆಲಿನ ಭಾಷೆಯಲ್ಲಿ ಹೇಳುತ್ತಿದ್ದರು: "ನೋಡು ಮಾರಾಯ್ತಿ, ಹೋಟೆಲಲ್ಲಿ ನಾವು ಗಿರಾಕಿಗೆ ಅಡುಗೆಮನೆ ಒಂದು ಬಿಟ್ಟು ಎಲ್ಲ ತೋರಿಸ್ತೇವೆ. ಇಲ್ಲಿ ಅಡುಗೆಮನೆ ಮಾತ್ರ ತೋರಿಸ್ಬೇಕು." ಮಾತು ಚೆನ್ನಾಗಿತ್ತು. ಯಾವ ಮಾಲೀಕನ ತಲೆಗೂ ಇಳಿಯಲಿಲ್ಲ.

ಒಂದು ದಿನ ಇಟಲಿಯ ಸಣ್ಣ ಕಂಪನಿಯೊಂದರ ಪುಸ್ತಿಕೆ ನನ್ನ ಮೇಜಿಗೆ ಬಂತು. ಧೂಳು ಎಳೆಯುವ ಯಂತ್ರ ಮಾಡುವವರು, ಭಾರತದಲ್ಲಿ ಜೊತೆಗಾರರು ಬೇಕು ಎಂದು ಬರೆದಿದ್ದರು. ಮುಖಪುಟದ ಚಿತ್ರದಲ್ಲಿ ಮಾಮಾನ ವಯಸ್ಸಿನವನೇ ಒಬ್ಬ ಕೆಲಸಗಾರ, ಮಾಮಾನ ಹಾಗೆಯೇ ತಿರುಗುವ ಕಲ್ಲಿಗೆ ಕಬ್ಬಿಣ ಹಿಡಿದು ನಿಂತಿದ್ದ. ಕಲ್ಲಿನ ಪಕ್ಕದಲ್ಲಿ ಮೊರದಷ್ಟು ಅಗಲದ ಒಂದು ತಗಡಿನ ಬಾಯಿ, ಅದಕ್ಕೊಂದು ಕೊಳವೆ. ಏಳುವ ಧೂಳನ್ನೆಲ್ಲ ಅದು ಅಲ್ಲೇ ನುಂಗುತ್ತದಂತೆ. ನಾನು ಯಂತ್ರ ನೋಡಲಿಲ್ಲ, ಆ ಮನುಷ್ಯನನ್ನು ನೋಡಿದೆ. ಅವನ ರೆಪ್ಪೆ ಕಪ್ಪಗಿತ್ತು. ಅವನ ಕೆಲಸವೂ ಅದೇ, ಮಾಮಾನ ಕೆಲಸವೂ ಅದೇ. ಅವನ ಮುಖ ಮಾತ್ರ ಯಾಕೆ ಅಷ್ಟು ಚೊಕ್ಕ ಇರಬೇಕು?

ಅವತ್ತೇ ಸಾಹೇಬರ ಹತ್ತಿರ ಹೋಗಿ, ಸಾಸವಡ ರಸ್ತೆಯ ಕಾರ್ಖಾನೆಗೆ ಇದನ್ನು ತರಬೇಕು ಎಂದೆ. "ಅಷ್ಟು ಸಣ್ಣ ಪಾರ್ಟಿ ಹಿಡಿದು ಎಂತ ಮಾಡುದು?" ಎಂದರು. ನನ್ನ ಮಾಮಾ ಅಲ್ಲಿ ಕೆಲಸಕ್ಕಿದ್ದಾನೆ, ಅವನ ಎದೆ ಹಾಳಾಗುತ್ತಿದೆ ಎಂದೆ. ಅವರು ಕೆಳಗಿನ ಹೋಟೆಲಿನಿಂದ ಎರಡು ಕಾಫಿ ತರಿಸಿದರು. ಅದು ಅವರು ಒಪ್ಪಿಕೊಂಡ ರೀತಿ.

ಕಾರ್ಖಾನೆಯ ಮಾಲೀಕರನ್ನು ಎಲ್ಲರೂ ಶೇಠ್ ಎನ್ನುತ್ತಿದ್ದರು. ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ನನ್ನ ಸಿಟ್ಟಿಗೆ ಒಂದು ಗುರಿಯಾದರೂ ಸಿಗುತ್ತಿತ್ತು. ವರ್ಷವರ್ಷ ಆಷಾಢದ ಏಕಾದಶಿಗೆಂದು ಪಂಢರಪುರಕ್ಕೆ ಹೊರಟ ಪಾಲಖಿ ಸಾಸವಡದ ದಾರಿ ಹಿಡಿದಾಗ, ತಮ್ಮ ಗೇಟಿನ ಮುಂದೆ ಮಂಟಪ ಹಾಕಿ ವಾರಕರಿಗಳಿಗೆ ಊಟ ಹಾಕುವವರು. ಕೆಲಸಗಾರರ ಮನೆಯ ಮದುವೆಗೆ ತಾವೇ ಬಂದು ಅಕ್ಷತೆ ಹಾಕುವವರು. ನನ್ನ ಮಾತು ಕೇಳಿ ಮೊದಲು, "ಧೂಳಾ? ಎರಕದ ಕೆಲಸ ಅಂದ ಮೇಲೆ ಸ್ವಲ್ಪ ಇರುತ್ತದೆ" ಎಂದು ಮರಾಠಿಯಲ್ಲಿ ನಕ್ಕರು. ನಾನು ಬಿಡಲಿಲ್ಲ. ಹೋಗಿ ಕೂತೆ, ಮತ್ತೆ ಹೋಗಿ ಕೂತೆ. ಕೊನೆಗೆ "ನಮ್ಮ ಮನೆಯ ಹುಡುಗಿಯೇ ಇಷ್ಟು ಹೇಳುತ್ತಿರುವಾಗ" ಎಂದು, ನಾನು ಬರೆದು ತಂದ ಅರ್ಜಿಗೆ ಓದದೆ ಸಹಿ ಹಾಕಿದರು. ಅರ್ಜಿಯಲ್ಲಿ ನಾನು ಒಂದು ಮಾತೂ ಸುಳ್ಳು ಬರೆದಿರಲಿಲ್ಲ. ಧೂಳು, ಟವೆಲು, ಕೆಮ್ಮು, ಟಿಬಿ ಗುಳಿಗೆ ಎಲ್ಲವೂ ಇತ್ತು. ಬರೆಯುವಾಗ ನನಗೆ ಒಂದೇ ಆಸೆ, ಮಾಮಾನ ಕಲ್ಲಿನ ಪಕ್ಕದಲ್ಲಿ ಆ ತಗಡಿನ ಬಾಯಿ ಬಂದು ಕೂರಬೇಕು.

ಅರ್ಜಿ ಮೊದಲ ಜರಡಿ ದಾಟಿತು. ಇನ್ನು ಒಬ್ಬರು ಯುರೋಪಿನಿಂದ ಬಂದು ಕಣ್ಣಾರೆ ನೋಡಿ ವರದಿ ಕೊಡುತ್ತಾರೆ, ಅದಾದರೆ ಆಯಿತು ಎಂದು ನಿಧಿಯವರು ತಿಳಿಸಿದರು. ನಾನು ಶೇಠರಿಗೆ ಫೋನು ಮಾಡಿ, "ಶೇಠಜೀ, ಏನೂ ವಿಶೇಷ ತಯಾರಿ ಮಾಡಬೇಡಿ. ದಿನಾ ಹೇಗಿರುತ್ತದೋ ಹಾಗೇ ಇರಲಿ" ಎಂದೆ. ಸಾಹೇಬರೂ ಹೇಳಿದರು. "ಏನೂ ಚಿಂತೆ ಬೇಡ, ನನ್ನ ಮೇಲೆ ಬಿಡಿ" ಎಂದು ಶೇಠ್ ಭರವಸೆ ಕೊಟ್ಟರು. ಮನೆಯಲ್ಲಿ ಮಾಮಾನಿಗೂ ಹೇಳಿದೆ. "ಹೂನವ್ವಾ, ತಿಳೀತು" ಅಂದ.

ಈಗ ನೆನೆದರೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ನಮ್ಮಲ್ಲಿ ಯಾರ ಮನೆಗೇ ಹೋಗುವುದಿರಲಿ, "ಏನೂ ವಿಶೇಷ ಮಾಡಬ್ಯಾಡ್ರಿ, ಮನಿ ಊಟಾನೇ ಸಾಕು" ಎಂದು ಹೇಳಿ ಕಳಿಸುತ್ತೇವೆ. ಆ ಮಾತು ಕೇಳಿದ ಮನೆಯಲ್ಲಿ ಕೂಡಲೇ ಕಡಲೆಬೇಳೆ ಬೇಯಲು ಇಡುತ್ತಾರೆ. ದೊಡ್ಡ ಮನುಷ್ಯರು ಬರುತ್ತಿದ್ದಾರೆ, ಸಂಕೋಚದವರು, ನಾವೇ ತಿಳಿದು ಮಾಡಬೇಕು ಎಂದು. ವಿಶೇಷ ಬೇಡ ಎಂದು ಎಷ್ಟು ಒತ್ತಿ ಹೇಳುತ್ತೇವೋ, ಹೋಳಿಗೆಗೆ ಅಷ್ಟು ತುಪ್ಪ. ನಾನು ಫೋನಿನಲ್ಲಿ ಒತ್ತೊತ್ತಿ ಹೇಳಿದ್ದೆ.

ಬಂದವರು ಬಿಳಿ ಕೂದಲಿನ, ಗಟ್ಟಿ ಬೂಟು ಹಾಕಿದ ಒಬ್ಬ ಹೆಂಗಸು. ಊರೂರು ಸುತ್ತಿ ಕಾರ್ಖಾನೆ ನೋಡಿದವರು, ಮಾತು ಕಡಿಮೆ. ಸಾಹೇಬರು, ಅವರು, ನಾನು ಕಾರಿನಲ್ಲಿ ಹೋದೆವು. ಗೇಟು ಹತ್ತಿರವಾಗುತ್ತಿದ್ದ ಹಾಗೆ ನನಗೆ ಮೊದಲು ಕಂಡದ್ದು ಮಾವಿನ ತೋರಣ, ಎರಡೂ ಕಡೆ ಬಾಳೆಯ ಕಂಬ. ಆಮೇಲೆ ರಂಗೋಲಿ. ಪಾಲಖಿ ಬರುವ ದಿನ ಹೇಗೋ ಹಾಗೆ ರಸ್ತೆಗೆಲ್ಲ ನೀರು ಹೊಡೆದಿದ್ದರು. ಶೇಠರ ಹೆಂಡತಿ ಆರತಿ ತಟ್ಟೆ ಹಿಡಿದು ನಿಂತಿದ್ದರು. ಸಾಹೇಬರು ನನ್ನ ಕಡೆ ತಿರುಗಿ, ಆ ಹೆಂಗಸಿಗೆ ಕೇಳಿಸದ ಹಾಗೆ, "ಮುಗೀತು" ಎಂದರು.

ಫೆಟ್ಲಿಂಗ್ ವಿಭಾಗದ ಒಳಗೆ ಕಾಲಿಟ್ಟಾಗ ನನಗೆ ಅದು ಗುರುತೇ ಸಿಗಲಿಲ್ಲ. ಮೊಣಕಾಲುದ್ದ ಬಿದ್ದಿರುತ್ತಿದ್ದ ಮರಳಿನ ರಾಶಿ ಮಾಯ. ನೆಲ ತೊಳೆದು, ಉಜ್ಜಿ, ಇನ್ನೂ ಒದ್ದೆ. ಗೋಡೆಗೆ ಸುಣ್ಣ, ಕೆಳಗೆ ಕೆಮ್ಮಣ್ಣಿನ ಪಟ್ಟಿ. ತಗಡಿನ ಮಾಡಿನ ಸಂದಿಯಲ್ಲಿ ವರ್ಷಗಳಿಂದ ಕೂತಿದ್ದ ಧೂಳನ್ನು ಕೂಡ ಬಟ್ಟೆಯಲ್ಲಿ ಒರೆಸಿದ್ದರು. ಅಷ್ಟಕ್ಕೇ ಬಿಟ್ಟಿದ್ದರೆ ಏನಾದರೂ ಮಾಡಬಹುದಿತ್ತು. ಉಜ್ಜಬೇಕಾದ ತುಂಡುಗಳನ್ನು ಸಹ ಮೊದಲೇ ತಂತಿ ಬ್ರಷ್ಷಿನಿಂದ ತಿಕ್ಕಿ, ತೊಳೆದು, ಕೆಂಪು ಬಣ್ಣ ಹಚ್ಚಿ, ದಸರೆಯ ಗೊಂಬೆಗಳ ಹಾಗೆ ಸಾಲಾಗಿ ಜೋಡಿಸಿದ್ದರು. ಕೆಲಸಗಾರರಿಗೆ ಹೊಸ ನೀಲಿ ಅಂಗಿ, ಪೊಟ್ಟಣದ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಎಲ್ಲರಿಗಿಂತ ಮುಂದೆ ಮಾಮಾ. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ. ಅವನ ರೆಪ್ಪೆ ಕಪ್ಪಗಿತ್ತು, ಇಟಲಿಯ ಪುಸ್ತಿಕೆಯ ಮನುಷ್ಯನ ರೆಪ್ಪೆಯ ಹಾಗೆ.

ಆ ಹೆಂಗಸು ಕಲ್ಲು ಓಡಿಸಿ ನೋಡೋಣ ಎಂದರು. ಓಡಿಸಿದರು. ತೊಳೆದ ಕಬ್ಬಿಣದಿಂದ ಏನು ಏಳುತ್ತದೆ? ನಾಲ್ಕು ಕಿಡಿ ಹಾರಿದವು, ಹಬ್ಬದ ಸುರುಸುರುಬತ್ತಿಯ ಹಾಗೆ. ಅವರು ಚೀಲದಿಂದ ಗಾಳಿ ಅಳೆಯುವ ಒಂದು ಸಣ್ಣ ಯಂತ್ರ ತೆಗೆದು ಹಿಡಿದರು. ಅದರ ಮುಳ್ಳು ಅಲುಗಲಿಲ್ಲ. ಮುಂಜಾನೆಯ ಸಾಸವಡ ರಸ್ತೆಯ ಗಾಳಿಗಿಂತ ಅಲ್ಲಿನ ಗಾಳಿ ಚೊಕ್ಕ ಇತ್ತು. ನಾನು, "ಇದು ನಿತ್ಯ ಹೀಗಿರುವುದಿಲ್ಲ, ನೀವು ಬರುತ್ತೀರೆಂದು ತೊಳೆದಿದ್ದಾರೆ" ಎಂದೆ. ಅವರಿಗೂ ಅನುಮಾನ ಬಂದಿರಬೇಕು. "ಹಾಗಾದರೆ ಕೆಲಸಗಾರರನ್ನೇ ಕೇಳೋಣ" ಎಂದು ನೇರ ಮಾಮಾನ ಮುಂದೆ ಹೋಗಿ ನಿಂತರು. ಅವರು ಇಂಗ್ಲಿಷಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಹೇಳುವುದು ನನ್ನ ಪಾಲಿಗೆ ಬಂತು.

"ಮಾಮಾ, ಇಲ್ಲಿ ಧೂಳಿಂದ ನಿಮಗೆಲ್ಲ ಏನರ ತ್ರಾಸ ಆಗ್ತದೇನು ಅಂತ ಕೇಳ್ಲತ್ತಾರ."

ಮಾಮಾ ಕೈ ಮುಗಿದ. "ಏನೂ ತ್ರಾಸಿಲ್ಲರಿ ಬಾಯಾರ. ಎಲ್ಲಾರೂ ಆರಾಮ ಅದೀವಿ."

"ಮಾಮಾ, ಖರೆ ಹೇಳು. ನಿನ್ನ ಕೆಮ್ಮು?"

"ಖರೆನೇ ಹೇಳ್ಲತ್ತೀನಿ. ಯಾ ಕೆಮ್ಮು? ಎಲ್ಲಿ ಅದ ಕೆಮ್ಮು?" ಎಂದು ನಕ್ಕ. ಬಂದಿದ್ದ ಕೆಮ್ಮನ್ನು ಅವನು ಗಂಟಲಲ್ಲೇ ತಡೆದು ಹಿಡಿದಿದ್ದ. ಕತ್ತಿನ ನರ ಉಬ್ಬಿ ನಿಂತಿದ್ದು ನನಗೆ ಕಾಣುತ್ತಿತ್ತು.

ನಾನು ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಇಂಗ್ಲಿಷಿಗೆ ತಂದೆ. ತಂದು, "ಇವನು ನನ್ನ ಸೋದರಮಾವ. ಇವನು ಹೇಳುತ್ತಿರುವುದು ಸುಳ್ಳು. ರಾತ್ರಿಯಿಡೀ ಗೋಡೆಯಾಚೆ ಇವನ ಕೆಮ್ಮು ಕೇಳಿಕೊಂಡು ಮಲಗುವವಳು ನಾನು" ಎಂದೂ ಹೇಳಿದೆ. ನನ್ನ ದನಿ ಎಲ್ಲರಿಗೂ ಕೇಳಿಸುವಷ್ಟು ಏರಿತ್ತು. ಆ ಹೆಂಗಸು ನನ್ನನ್ನೇ ನೋಡಿದರು. ಕಣ್ಣಲ್ಲಿ ಕರುಣೆ ಇತ್ತೋ ಏನೋ, ನನಗೆ ಅದು ಬೇಕಿರಲಿಲ್ಲ. "ನಾನು ಕಂಡದ್ದನ್ನು ಬರೆಯಬಹುದು, ಕೆಲಸಗಾರ ಹೇಳಿದ್ದನ್ನು ಬರೆಯಬಹುದು. ನಿಮ್ಮ ಮಾತು ಅರ್ಜಿಯಲ್ಲಿ ಆಗಲೇ ಇದೆ" ಎಂದರು. ಇನ್ನೊಂದು ದಿನ ಹೇಳದೆ ಕೇಳದೆ ಬನ್ನಿ ಎಂದು ಕೇಳಿಕೊಂಡೆ. ಅವತ್ತು ಸಂಜೆಯೇ ಅವರಿಗೆ ಬೇರೆ ಊರಿಗೆ ವಿಮಾನ ಇತ್ತು. ಆಮೇಲೆ ಎಲ್ಲರನ್ನೂ ಕೂರಿಸಿ ಶೇಠ್ ಹೋಳಿಗೆ ಊಟ ಹಾಕಿದರು. ನಾನು ಎಲೆಯ ಮುಂದೆ ಕೂತೆ, ಉಣ್ಣಲಿಲ್ಲ.

ಸಂಜೆ ಮಾಮಾನ ಮನೆಗೆ ನುಗ್ಗಿದೆ. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. "ಯಾರು ತೊಳೀರಿ ಅಂದ್ರು ನಿಮಗ?"

"ಯಾರ್ ಅನಬೇಕು?" ಮಾಮಾ ಗೋಡೆಗೆ ಒರಗಿ ಕೂತಿದ್ದ. ದಿನವೆಲ್ಲ ತಡೆದಿಟ್ಟ ಕೆಮ್ಮು ಈಗ ಅವನನ್ನು ಹಿಡಿದು ಅಲ್ಲಾಡಿಸುತ್ತಿತ್ತು. "ಐತವಾರ ನಾವೇ ಎಲ್ಲಾ ಹೋಗಿ ತೊಳದ್ವಿ. ಶೇಠ್ ಪಗಾರ ಕೊಡ್ತೀನಂದ್ರು, ನಾನೇ ಬ್ಯಾಡ ಅಂದೆ."

"ಯಾಕ? ನಿನಗ ಹೇಳಿದ್ದಿಲ್ಲೇನು ನಾ? ಹೆಂಗದನೋ ಹಂಗ ಇರ್ಲಿ ಅಂತ ಹೇಳಿದ್ದಿಲ್ಲ?"

"ಹೇಳಿದ್ದಿ. ನೀ ಹೇಳ್ತಿ, ಅದು ನಿನ್ನ ದೊಡ್ಡ ಗುಣ. ಆದ್ರ ಪರದೇಶದ ಮಂದೀನ ಕರಕೊಂಡು ಬರಾಕಿ ನಮ್ಮ ಹುಡಿಗಿ. ಹೊಲಸಿನ್ಯಾಗ ನಿಂತು, ನಾನೇ ಈಕಿ ಮಾಮಾ ಅಂತ ಹೇಳಬೇಕಿತ್ತೇನು? ನಿನ್ನ ಮರ್ಯಾದಿ ಏನಾಗ್ತಿತ್ತು?"

ನನ್ನ ಮರ್ಯಾದೆ! ಕೂಗಾಡಿದೆ, ಬಾಯಿಗೆ ಬಂದದ್ದೆಲ್ಲ ಅಂದೆ. ನಿನ್ನ ಎದಿಗೆ ಬರಬೇಕಿದ್ದ ಯಂತ್ರ ಅದು, ನೀನೇ ನಿಂತು ನೀರು ಹಾಕಿ ತೊಳೆದುಬಿಟ್ಟೆ ಎಂದೆ. ಅವ್ವ ಬಂದು ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಮಾಮಾನಿಗೆ ನಾನು ಯಾಕೆ ಸಿಟ್ಟಾಗಿದ್ದೇನೆ ಎಂದು ಕೊನೆಗೂ ತಿಳಿಯಲಿಲ್ಲ. ಬಂದವರಿಗೆ ಊಟ ಸೇರಿರಲಿಕ್ಕಿಲ್ಲ ಎಂದು ಮಾಮಿಯ ಹತ್ತಿರ ಹೇಳುತ್ತಿದ್ದದ್ದು ಗೋಡೆಯಾಚೆಯಿಂದ ಕೇಳಿಸಿತು.

ಕೆಲವು ತಿಂಗಳ ಮೇಲೆ ಉತ್ತರ ಬಂತು. ಕಾರ್ಖಾನೆ ಬಹಳ ಸ್ವಚ್ಛವಾಗಿದೆ, ಕೆಲಸಗಾರರಿಗೆ ಯಾವ ದೂರೂ ಇಲ್ಲ, ಆದ್ದರಿಂದ ಈ ಅನುದಾನದ ಅಗತ್ಯ ಕಾಣುವುದಿಲ್ಲ ಎಂದು ಸಭ್ಯವಾಗಿ ಬರೆದಿದ್ದರು. ನಾನು ಅದನ್ನು ತೆಗೆದುಕೊಂಡು ಹೋಗಿ ಶೇಠರ ಮೇಜಿನ ಮೇಲೆ ಬಡಿದ ಹಾಗೆ ಇಟ್ಟೆ. ಅವರು ನನ್ನ ಹತ್ತಿರವೇ ಓದಿಸಿ ಕೇಳಿದರು. ಕೇಳುತ್ತ ಕೇಳುತ್ತ ಅವರ ಮುಖ ಅರಳಿತು. "ಯುರೋಪಿನವರೇ ಬರೆದುಕೊಟ್ಟರಾ, ನಮ್ಮ ಕಾರ್ಖಾನೆ ಸ್ವಚ್ಛ ಎಂದು?" ಮುಂದಿನ ಸಲ ಹೋದಾಗ ಆ ಕಾಗದ ಕಟ್ಟು ಹಾಕಿಸಿಕೊಂಡು ಅವರ ಕುರ್ಚಿಯ ಹಿಂದೆ, ಗಣಪತಿಯ ಪಕ್ಕದಲ್ಲಿ ತೂಗುತ್ತಿತ್ತು. ಮಾಲು ಕೊಳ್ಳಲು ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು. ಅದು ಎಂಥ ಕಾಗದ ಎಂದು ಯಾರು ಓದುತ್ತಾರೆ? ಮೇಲಿನ ಮುದ್ರೆ ನೋಡಿದರೆ ಸಾಕಿತ್ತು. ಹೊಸ ಗಿರಾಕಿಗಳು ಬಂದರು, ಕೆಲಸ ಹೆಚ್ಚಿತು, ಫೆಟ್ಲಿಂಗಿಗೆ ಊರಿನಿಂದ ಇನ್ನಷ್ಟು ನಮ್ಮವರನ್ನು ಕರೆಸಿದರು. ಧೂಳೂ ಅಷ್ಟು ಹೆಚ್ಚಿತು. ನಾನು ಆ ಕಚೇರಿಯಲ್ಲಿ ಮತ್ತೂ ಹಲವಾರು ಅರ್ಜಿ ಬರೆದೆ, ಕೆಲವಕ್ಕೆ ಅನುದಾನವೂ ಬಂತು. ನೋಡಲು ಬರುವವರ ದಿನ ಗೊತ್ತಾದರೆ ಮಾಲೀಕರಿಗೆ ನಾನು ಒಂದೇ ಮಾತು ಹೇಳುತ್ತಿದ್ದೆ: ಅವತ್ತು ಕಸಬರಿಗೆ ಮುಟ್ಟಿದರೆ ನಾನು ಅರ್ಜಿ ವಾಪಸು ತೆಗೆದುಕೊಳ್ಳುತ್ತೇನೆ. ನನ್ನ ಬಾಯಿ ಜೋರು ಎಂದು ಪುಣೆಯ ಸಣ್ಣ ಕಾರ್ಖಾನೆಗಳಲ್ಲೆಲ್ಲ ಹೆಸರಾಯಿತು. ಆಗಲಿ.

ಮಾಮಾ ಇನ್ನೂ ಕೆಲವು ವರ್ಷ ಎಳೆದ. ಮೊದಲು ಗುಡ್ಡ ಹತ್ತುವಾಗ ನಿಲ್ಲತೊಡಗಿದ, ಆಮೇಲೆ ಮನೆಯ ಮೆಟ್ಟಿಲಿಗೇ ನಿಲ್ಲತೊಡಗಿದ. ಅಷ್ಟರಲ್ಲಿ ನಾನು ಬೇರೆ ಡಾಕ್ಟರ ಹತ್ತಿರ ಕರೆದೊಯ್ದು, ಅವನು ಬಾಯಿ ತೆರೆಯುವ ಮುಂಚೆ ನಾನೇ ಅವನ ಕೆಲಸ ಏನೆಂದು ಹೇಳಿದೆ. ಅವರು ಎಕ್ಸರೇ ಬೆಳಕಿಗೆ ಹಿಡಿದು, ಇದಕ್ಕೆ ಗುಳಿಗೆ ಇಲ್ಲ ಎಂದರು. ಮಾಮಾ ಮನೆಯಲ್ಲೇ ಉಳಿದ. ಮಲಗಿದರೆ ಉಸಿರು ಕಟ್ಟುತ್ತಿತ್ತು, ದಿಂಬು ಪೇರಿಸಿ ಒರಗಿ ಕೂರುತ್ತಿದ್ದ. ಪಕ್ಕದಲ್ಲಿ ಉಗುಳಲು ಒಂದು ಬೋಗುಣಿ.

ಒಂದು ಐತವಾರ ಶೇಠ್ ನೋಡಲು ಬರುತ್ತಾರೆ ಎಂದು ಸುದ್ದಿ ಬಂತು. ನಾನು ಹೋಗಿ ನೋಡಿದರೆ ಆ ಮನೆಯಲ್ಲಿ ಗಡಿಬಿಡಿ. ಮಾಮಾ ಏದುತ್ತ ಏದುತ್ತ ಹೇಳುತ್ತಿದ್ದ: ಕಸ ಹೊಡಿ, ಹೊಸ ಚಾದರ ಹಾಸು, ಬೋಗುಣಿ ಒಳಗ ಇಡು, ಆ ನೀಲಿ ಅಂಗಿ ತಗಿ. ಮಾಮಿ ಕಸಬರಿಗೆ ಹಿಡಿದಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಅವಳ ಕೈಯಿಂದ ಕಸಬರಿಗೆ ಕಿತ್ತುಕೊಂಡು ಬಾಗಿಲಲ್ಲಿ ನಿಂತೆ. "ಒಬ್ಬರೂ ಏನೂ ಮುಟ್ಟಬ್ಯಾಡ್ರಿ. ಇವತ್ತರ ಅವರು ಹೆಂಗದನೋ ಹಂಗ ನೋಡ್ಲಿ" ಎಂದೆ. ಮಾಮಾ ಬೇಡಿಕೊಂಡ. ನಾನು ಕದಲಲಿಲ್ಲ.

ಶೇಠ್ ಬಂದರು, ನೋಡಿದರು. ಮಾಮಾ ಕೈ ಮುಗಿದು "ಆರಾಮ" ಎನ್ನುವಷ್ಟರಲ್ಲಿ ಕೆಮ್ಮು ಅವನ ಬಾಯಿ ಮುಚ್ಚಿತು. ಬೋಗುಣಿ ಹಿಡಿದವಳು ನಾನು. ಶೇಠ್ ಚಹಾ ಮುಟ್ಟಲಿಲ್ಲ. ಹೊರಗೆ ಬಂದು ನನಗೆ, "ಇಷ್ಟು ಆಗಿದೆ ಎಂದು ಯಾರೂ ನನಗೆ ಹೇಳಲೇ ಇಲ್ಲವಲ್ಲ" ಎಂದರು. "ಅರ್ಜಿಯಲ್ಲಿ ಬರೆದಿದ್ದೆ ಶೇಠಜೀ. ಕೆಳಗೆ ನಿಮ್ಮದೇ ಸಹಿ ಇದೆ" ಎಂದೆ. ಅವರು ತಲೆ ತಗ್ಗಿಸಿ ಗುಡ್ಡ ಇಳಿದರು. ಕೆಲವೇ ವಾರಗಳಲ್ಲಿ ಧೂಳು ಎಳೆಯುವ ಯಂತ್ರ ಹಾಕಿಸಿದರು. ಇಟಲಿಯದಲ್ಲ, ಇಲ್ಲೇ ಭೋಸರಿಯಲ್ಲಿ ಮಾಡಿದ್ದು, ಅವರ ಸ್ವಂತ ದುಡ್ಡಿನದು. ಅಷ್ಟು ಹತ್ತಿರ ಇತ್ತು ಅದು, ಬಸ್ಸಿನಲ್ಲಿ ಹೋಗಿ ತರುವಷ್ಟು ಹತ್ತಿರ. ಆ ಸುದ್ದಿ ಕೇಳಿ ನಾನು ಅತ್ತೆ, ಸಂತೋಷಕ್ಕಲ್ಲ.

ಮಾಮಾ ನನ್ನ ಹತ್ತಿರ ಮಾತು ಬಿಟ್ಟ. "ಮಂದಿ ಮುಂದ ನನ್ನ ಮರ್ಯಾದಿ ತಗದಳು" ಎಂದು ಅವ್ವನಿಗೆ ಹೇಳಿದನಂತೆ. ನಾನು ದಿನಾ ಹೋಗಿ ಕಾಲ ಬಳಿ ಕೂರುತ್ತಿದ್ದೆ, ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಯಂತ್ರ ಬಂದ ಸುದ್ದಿ ಹೇಳಿದೆ. ಆಗಲೂ ಕಣ್ಣು ತೆರೆಯಲಿಲ್ಲ.

ಒಂದು ಮಧ್ಯಾಹ್ನ ಮಾಮಿ ನೀರಿಗೆ ಹೋಗಿದ್ದಳು. ಮಾಮಾನ ಉಗುರು ನೀಲಿ ತಿರುಗಿತ್ತು. ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೂ, ಸುಮ್ಮನೆ ಬಾಯಿಮಾತಿಗೆ, "ಮಾಮಾ, ಆರಾಮ ಅದಿಯೇನು?" ಎಂದೆ. ಅವನು ಕಣ್ಣು ತೆರೆದು ನನ್ನನ್ನು ನೋಡಿದ. ನೋಡಿ, ಒಂದೊಂದೇ ಮಾತಿಗೆ ಉಸಿರು ತಗೊಂಡು ಹೇಳಿದ.

"ಆರಾಮ ಇಲ್ಲ ಅವ್ವಾ. ಭಾಳ ತ್ರಾಸ ಆಗ್ಲತ್ತದ."

ಅಷ್ಟು ವರ್ಷ ಈ ಮಾತು ಅವನ ಬಾಯಿಂದ ಬರಲಿ ಎಂದೇ ನಾನು ಕೂಗಾಡಿದ್ದೆ, ಊರಿನ ಮುಂದೆಲ್ಲ ಜಗಳ ಆಡಿದ್ದೆ. ಈಗ ಬಂತು. ನಾನು ಅವನ ಎರಡೂ ಕೈ ಹಿಡಿದುಕೊಂಡು, "ಹಂಗ ಅನಬ್ಯಾಡ ಮಾಮಾ, ಏನೂ ಆಗಿಲ್ಲ ನಿನಗ. ಆರಾಮ ಅದಿ" ಎಂದೆ.